ಮೇಕೆ ಹಾಲಿನ ಸೋಪು: ಮನೆಗೆ ಮಾಡಿಕೊಳ್ಳುವುದು ಹೇಗೆ, ಮಾರಬೇಕಾದರೆ ಏನು ಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಮೇಕೆ ಹಾಲು ಕೊಡುತ್ತಿವೆ. ವಾಸನೆ ಅಂತ ಮಕ್ಕಳು ಕುಡಿಯುವುದಿಲ್ಲ. ವಿಡಿಯೋ ನೋಡಿ ಸೋಪು ಮಾಡಿದೆ. ಕಾಸ್ಟಿಕ್ ಸೋಡಾ ಹಾಕಿದ ಕೂಡಲೇ ಹಾಲು ಕಿತ್ತಳೆ ಬಣ್ಣಕ್ಕೆ ತಿರುಗಿ ಮೂಗಿಗೆ ಬಡಿಯುವ ವಾಸನೆ ಬಂತು. ಹೆದರಿ ಚೆಲ್ಲಿಬಿಟ್ಟೆ. ತಪ್ಪಾಗಿದ್ದು ಎಲ್ಲಿ? *(ಓದುಗರು, ಚಿಂತಾಮಣಿ)*

ಉತ್ತರ: ನಿಮ್ಮ ಹಾಲು ಸುಟ್ಟಿದೆ, ಅಷ್ಟೇ. ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ನೀರಿನಂಶಕ್ಕೆ ಬಿದ್ದ ತಕ್ಷಣ ವಿಪರೀತ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಹಾಲಿನ ಸಕ್ಕರೆ ಕಂದುಗಟ್ಟುತ್ತದೆ, ಪ್ರೋಟೀನ್ ಒಡೆದು ಅಮೋನಿಯಾ ವಾಸನೆ ಬರುತ್ತದೆ. ತೂಕ ಸರಿಯಿದ್ದಿದ್ದರೆ ಅದನ್ನು ಚೆಲ್ಲುವ ಅಗತ್ಯವೇ ಇರಲಿಲ್ಲ. ಸೋಪು ಒಣಗುತ್ತಾ ವಾಸನೆ ಹೋಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ.

ಇದಕ್ಕೆ ಪರಿಹಾರ ಫ್ರೀಜರ್. ಹಾಲನ್ನು ಕಾಯಿಸಿ, ಆರಿಸಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ. ಮೊದಲ ಸಲಕ್ಕೆ ಈ ಅಳತೆ ಸಾಕು: ಕೊಬ್ಬರಿ ಎಣ್ಣೆ 200 ಗ್ರಾಂ, ಪಾಮೋಲಿನ್ 150 ಗ್ರಾಂ, ಆಲಿವ್ ಎಣ್ಣೆ 120 ಗ್ರಾಂ, ಹರಳೆಣ್ಣೆ 30 ಗ್ರಾಂ. ಇದಕ್ಕೆ ಮೇಕೆ ಹಾಲು 150 ಗ್ರಾಂ, ಕಾಸ್ಟಿಕ್ ಸೋಡಾ 73 ಗ್ರಾಂ. ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು, ಎಣ್ಣೆಯನ್ನೂ ಸಹ. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಎಣ್ಣೆ ಬದಲಿಸಿದರೆ ಸೋಡಾದ ತೂಕವೂ ಬದಲಾಗುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಸೋಪಾಗಲು ಸುಮಾರು 0.18 ಗ್ರಾಂ ಸೋಡಾ ಬೇಕು, ಹರಳೆಣ್ಣೆಗೆ 0.13 ಸಾಕು. ಮೇಲಿನ ಅಳತೆಯಲ್ಲಿ ಸೋಡಾ ಪೂರ್ತಿ ಬೇಕಾಗುವುದಕ್ಕಿಂತ ಸುಮಾರು ನೂರಕ್ಕೆ ಐದರಷ್ಟು ಕಡಿಮೆ ಇದೆ. ಸ್ವಲ್ಪ ಎಣ್ಣೆ ಹಾಗೇ ಉಳಿಯಲಿ, ಸೋಡಾ ಮಾತ್ರ ಉಳಿಯದಿರಲಿ ಅಂತ.

ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡಾ ಅದನ್ನು ತಿನ್ನುತ್ತದೆ, ಉರಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹಾಲಿನ ಗಟ್ಟಿಗಳನ್ನು ಹಾಕಿ, ಆ ಪಾತ್ರೆಯನ್ನು ಐಸ್ ನೀರಿರುವ ದೊಡ್ಡ ಬೋಗುಣಿಯಲ್ಲಿ ಕೂರಿಸಿ. ಸೋಡಾವನ್ನು ಒಂದೊಂದೇ ಚಮಚ ಹಾಕುತ್ತಾ ಕದಡಿ. ಯಾವತ್ತೂ ಸೋಡಾವನ್ನೇ ಹಾಲಿಗೆ ಹಾಕಬೇಕು. ಸೋಡಾದ ಮೇಲೆ ಹಾಲು ಸುರಿದರೆ ಸಿಡಿಯುತ್ತದೆ. ಹಾಲು ಕರಗುತ್ತಾ ತಿಳಿ ಹಳದಿಗೆ ಬಂದರೆ ಸರಿಯಾಗಿದೆ ಎಂದೇ ಅರ್ಥ. ಇನ್ನೊಂದು ವಿಷಯ ಹೆಚ್ಚಿನ ವಿಡಿಯೋಗಳಲ್ಲಿ ಹೇಳುವುದಿಲ್ಲ: ಹಾಲಿನ ಕೊಬ್ಬು ಆಗಲೇ ಸೋಪಾಗಲು ಶುರುವಾಗಿ ಮಿಶ್ರಣ ಮಂದವಾಗುತ್ತದೆ. ಅದರೊಳಗೆ ಕರಗದ ಸೋಡಾ ಹರಳು ಅಡಗಿ ಕೂತಿರಬಹುದು. ಎಣ್ಣೆಗೆ ಸುರಿಯುವಾಗ ಸ್ಟೀಲ್ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ಹರಳನ್ನು ಎಸೆಯಬೇಡಿ, ಚಮಚದ ಹಿಂಭಾಗದಿಂದ ಒತ್ತಿ ಕರಗಿಸಿ ಸೇರಿಸಿ. ಇಲ್ಲದಿದ್ದರೆ ತೂಕ ತಪ್ಪುತ್ತದೆ.

ಎಣ್ಣೆ 35 ರಿಂದ 40 ಡಿಗ್ರಿ ಬೆಚ್ಚಗಿದ್ದರೆ ಸಾಕು. ಹ್ಯಾಂಡ್ ಬ್ಲೆಂಡರನ್ನು ಒಂದಿಷ್ಟು ಹೊತ್ತು ತಿರುಗಿಸಿ, ಒಂದಿಷ್ಟು ಹೊತ್ತು ನಿಲ್ಲಿಸಿ ಕೈಯಲ್ಲೇ ಕದಡಿ. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಕ್ಷಣ ಹೊತ್ತು ನಿಂತರೆ ಅಚ್ಚಿಗೆ ಸುರಿಯಿರಿ. ಹಾಲಿನ ಸೋಪನ್ನು ಟವೆಲ್ ಹೊದಿಸಿ ಬೆಚ್ಚಗಿಡಬಾರದು. ಒಳಗಿನ ಬಿಸಿಗೇ ನಡುವೆ ಕಪ್ಪಾಗಿ ಬಿರುಕು ಬಿಡುತ್ತದೆ. ಒಂದು ದಿನ ಫ್ರಿಜ್‌ನಲ್ಲಿಡಿ. ಕೈಗೆ ಗಟ್ಟಿ ಸಿಕ್ಕಿದ ಮೇಲೆ ಬಿಲ್ಲೆ ಕತ್ತರಿಸಿ, ಗಾಳಿಯಾಡುವ ಕಡೆ, ಬಿಸಿಲು ಬೀಳದಂತೆ ನಾಲ್ಕರಿಂದ ಆರು ವಾರ ಒಣಗಿಸಿ. ಮಳೆಗಾಲದಲ್ಲಿ ಆರು ವಾರವೇ ಇರಲಿ.

ಕನ್ನಡಕ, ರಬ್ಬರ್ ಕೈಗವಸು, ತೋಳು ಮುಚ್ಚುವ ಬಟ್ಟೆ ಇಲ್ಲದೆ ಸೋಡಾ ಡಬ್ಬಿಯ ಮುಚ್ಚಳ ತೆಗೆಯಲೇಬೇಡಿ. ಕಿಟಕಿ ತೆರೆದಿರಲಿ, ಮಕ್ಕಳು ಆ ಕೋಣೆಯಲ್ಲಿರಬಾರದು. ಚರ್ಮಕ್ಕೆ ಹಾರಿದರೆ ವಿನೆಗರ್, ನಿಂಬೆಹಣ್ಣು ಅಂತ ಹುಡುಕುತ್ತಾ ನಿಲ್ಲಬೇಡಿ, ನಲ್ಲಿಯ ಕೆಳಗೆ ಹಿಡಿದು ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ. ಸೋಡಾ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು, ಅಡುಗೆಮನೆಯ ಉಪ್ಪು ಸಕ್ಕರೆಯಿಂದ ದೂರ, ಬೀಗದೊಳಗಿಡಿ.

ಪ್ರಶ್ನೆ: ನಾವು ಸ್ತ್ರೀಶಕ್ತಿ ಸಂಘದ ಹತ್ತು ಜನ. ಮೇಕೆ ಹಾಲಿನ ಸೋಪು ಮಾಡಿ ಸಂತೆಯಲ್ಲಿ, ವಾಟ್ಸಾಪ್‌ನಲ್ಲಿ ಮಾರಬೇಕೆಂದಿದ್ದೇವೆ. ಉದ್ಯಮ್ ನೋಂದಣಿ ಆಗಿದೆ. ಹಾಲು ಇರುವುದರಿಂದ ಎಫ್‌ಎಸ್‌ಎಸ್‌ಎಐ ಸಾಕು ಅನ್ನುತ್ತಾರೆ ಕೆಲವರು. ಮನೆಯಲ್ಲಿ ಮಾಡಿದ್ದಕ್ಕೆ ಲೈಸೆನ್ಸೇ ಬೇಡ ಅನ್ನುತ್ತಾರೆ ಇನ್ನು ಕೆಲವರು. ಯಾವುದು ನಿಜ? *(ಓದುಗರು, ಹೊಸದುರ್ಗ)*

ಉತ್ತರ: ಎರಡೂ ನಿಜವಲ್ಲ. ಎಫ್‌ಎಸ್‌ಎಸ್‌ಎಐ ತಿನ್ನುವ ವಸ್ತುಗಳಿಗೆ. ಉದ್ಯಮ್ ನೋಂದಣಿ ನಿಮ್ಮದು ಸಣ್ಣ ಉದ್ದಿಮೆ ಎಂದು ಹೇಳುತ್ತದೆಯೇ ಹೊರತು ಸೋಪು ತಯಾರಿಸಲು ಅನುಮತಿ ಕೊಡುವುದಿಲ್ಲ. ಮೈಗೆ ಹಚ್ಚುವ ಸೋಪು ನಮ್ಮ ದೇಶದಲ್ಲಿ ಸೌಂದರ್ಯವರ್ಧಕ, ಅಂದರೆ ಕಾಸ್ಮೆಟಿಕ್. ಅದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಮತ್ತು 2020ರ ಕಾಸ್ಮೆಟಿಕ್ಸ್ ನಿಯಮಗಳ ಅಡಿ ಬರುತ್ತದೆ. ಮಾರಲು ತಯಾರಿಸಬೇಕಾದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಲೈಸೆನ್ಸ್ ಬೇಕು. ಹತ್ತು ಬಿಲ್ಲೆ ಮಾಡಿದರೂ ಬೇಕು. ಸಣ್ಣವರಿಗೆ, ಸಂಘಗಳಿಗೆ ಅಂತ ವಿನಾಯಿತಿ ಇಲ್ಲ.

ಈ ಗೊಂದಲ ಬಂದಿರುವುದು ಬಹುಪಾಲು ಅಮೆರಿಕದ ವಿಡಿಯೋಗಳಿಂದ. ಅಲ್ಲಿ ಎಣ್ಣೆ ಮತ್ತು ಕ್ಷಾರದಿಂದ ಮಾಡಿದ, ಸುಮ್ನೆ ‘ಸೋಪು’ ಎಂದಷ್ಟೇ ಹೇಳಿಕೊಂಡು ಮಾರುವ ಸೋಪನ್ನು ಕಾಸ್ಮೆಟಿಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ನೋಡಿ ಇಲ್ಲೂ ಹಾಗೇ ಅಂದುಕೊಂಡವರು ತುಂಬಾ ಜನ.

ಈಗ ಕಷ್ಟದ ಮಾತು. ಲೈಸೆನ್ಸ್ ಅರ್ಜಿಯನ್ನು ಕಾಸ್-5 ನಮೂನೆಯಲ್ಲಿ ಹಾಕಬೇಕು, ಲೈಸೆನ್ಸ್ ಕಾಸ್-8ರಲ್ಲಿ ಬರುತ್ತದೆ. ಆದರೆ ತಯಾರಿಕೆಯ ಜಾಗ ವಾಸದ ಮನೆಯಾಗಿರಬಾರದು, ವಾಸದ ಮನೆಗೆ ಒಳಗಿನಿಂದ ಸೇರಿಕೊಂಡೂ ಇರಬಾರದು. ಸಣ್ಣ ಪ್ರಮಾಣದ ಸೋಪು ತಯಾರಿಕೆಗೆ ಶಿಫಾರಸು ಮಾಡಿರುವ ಜಾಗವೇ 100 ಚದರ ಮೀಟರ್, ಅಂದರೆ ಸಾವಿರ ಚದರ ಅಡಿಗಿಂತ ಜಾಸ್ತಿ. ಗೋದಾಮು ಬೇರೆ. ಉಸ್ತುವಾರಿಗೆ ಅರ್ಹತೆ ಇರುವ ಒಬ್ಬರು ಬೇಕು. ಇದು ಮಾತ್ರ ಅಂದುಕೊಂಡಷ್ಟು ಕಷ್ಟವಿಲ್ಲ. ಫಾರ್ಮಸಿ ಡಿಪ್ಲೊಮಾ ಆದವರೇ ಬೇಕೆಂದಿಲ್ಲ, ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿ ಪಾಸಾದವರೂ ಆಗಬಹುದು. ನಿಮ್ಮ ಸಂಘದಲ್ಲೇ ಅಂಥವರು ಇದ್ದಾರೇನೋ ನೋಡಿ.

ಅಡುಗೆಮನೆಯಲ್ಲಿ ಒಳ್ಳೆಯ ಸೋಪು ಮಾಡಬಲ್ಲ ಹೆಂಗಸರಿಗೆ ದೊಡ್ಡ ಕಾರ್ಖಾನೆಯ ಅಳತೆಗೋಲನ್ನೇ ಹಿಡಿಯುವುದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಕಡಿಮೆ ಪ್ರಮಾಣದ ತಯಾರಕರಿಗೆ ಬೇರೆಯೇ ದಾರಿ ಇರಬೇಕಿತ್ತು. ಆದರೆ ಇವತ್ತು ಇರುವ ನಿಯಮ ಇದು. ಗೊತ್ತಿಲ್ಲದೆ ಸಾಲ ಮಾಡಿ ಸಾಮಾನು ತಂದು ಆಮೇಲೆ ಸಿಕ್ಕಿಕೊಳ್ಳುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ನಿಮಗೆ ಸರಿಹೊಂದುವ ದಾರಿ ಲೋನ್ ಲೈಸೆನ್ಸ್. ಹೆಸರು ಹಾಗಿದ್ದರೂ ಬ್ಯಾಂಕ್ ಸಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಆಗಲೇ ಲೈಸೆನ್ಸ್ ಇರುವ ಘಟಕದ ಜಾಗ, ಯಂತ್ರ ಬಳಸಿಕೊಂಡು ನಿಮ್ಮ ಸೋಪನ್ನು ತಯಾರಿಸುವ ಅನುಮತಿ ಅದು. ಕಾಸ್-6ರಲ್ಲಿ ಅರ್ಜಿ, ಕಾಸ್-9ರಲ್ಲಿ ಅನುಮತಿ. ಅದೂ ಭಾರವಾದರೆ, ಲೈಸೆನ್ಸ್ ಇರುವವರಿಂದಲೇ ನಿಮ್ಮ ಅಳತೆಯಲ್ಲಿ ಮಾಡಿಸಿ, ಲೇಬಲ್ ಮೇಲೆ ತಯಾರಕರು ಅವರು, ಮಾರಾಟಗಾರರು ನೀವು ಎಂದು ಹಾಕಿ ಮಾರಬಹುದು. ಸೋಪನ್ನು ಬರೀ ಮಾರುವುದಕ್ಕೆ ಔಷಧ ಇಲಾಖೆಯ ಲೈಸೆನ್ಸ್ ಬೇಕಿಲ್ಲ, ತಯಾರಿಕೆಗಷ್ಟೇ ಬೇಕು. ಹಾಲು ನಿಮ್ಮ ಮೇಕೆಗಳದ್ದೇ ಆಗಿರಲಿ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಗುಣಮಟ್ಟವನ್ನೂ ನೋಡುತ್ತಾರೆ. ಟಾಯ್ಲೆಟ್ ಸೋಪಿಗೆ, ಅಂದರೆ ಮೈ ತೊಳೆಯುವ ಸೋಪಿಗೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡ ಐಎಸ್ 2888. ಕೊಬ್ಬಿನಂಶ, ಅಂದರೆ ಟಿಎಫ್‌ಎಂ, ಒಂದನೇ ದರ್ಜೆಗೆ ಕನಿಷ್ಠ ಶೇ 76, ಎರಡಕ್ಕೆ 70, ಮೂರಕ್ಕೆ 60 ಇರಬೇಕು. ಕೈಯಲ್ಲಿ ಮಾಡಿದ ಸೋಪಿನಲ್ಲಿ ಗ್ಲಿಸರಿನ್, ನೀರು ಉಳಿದಿರುವುದರಿಂದ ಒಂದನೇ ದರ್ಜೆ ಸಿಗುವುದು ಕಷ್ಟ. ಅದರಿಂದ ಸೋಪು ಕೆಟ್ಟದ್ದು ಎಂದಾಗುವುದಿಲ್ಲ. ಗ್ಲಿಸರಿನ್ ಚರ್ಮಕ್ಕೆ ಒಳ್ಳೆಯದೇ.

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಆದರೆ ಹೊರರಾಜ್ಯದವರಿಗೆ ಪಾರ್ಸೆಲ್ ಕಳಿಸಿ ಮಾರಿದರೆ ಈ ರಿಯಾಯಿತಿ ಸಿಗುವುದಿಲ್ಲ. ಸ್ನಾನದ ಸೋಪಿನ ಬಿಲ್ಲೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿದಿದೆ.

ಪ್ರಶ್ನೆ: ನಾನು ಕಾಸ್ಟಿಕ್ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೇಕೆ ಹಾಲಿನ ಸೋಪ್ ಬೇಸ್ ತಂದು ಕರಗಿಸಿ, ಬಣ್ಣ, ಪರಿಮಳ ಹಾಕಿ ಅಚ್ಚು ಹಾಕುತ್ತೇನೆ. ಇದು ತಯಾರಿಕೆ ಅಲ್ವಲ್ಲ? *(ಓದುಗರು, ಬೆಂಗಳೂರು)*

ಉತ್ತರ: ಮಾರುವುದಕ್ಕಾದರೆ ತಯಾರಿಕೆಯೇ. ಕಾಯ್ದೆಯ ಪ್ರಕಾರ ಮಾರಾಟಕ್ಕಾಗಿ ಬದಲಿಸುವುದು, ಅಲಂಕರಿಸುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಎಲ್ಲವೂ ತಯಾರಿಕೆಯಲ್ಲಿ ಸೇರುತ್ತವೆ. ಬೇಸ್ ಮಾರಿದ ಕಂಪನಿಗೆ ಲೈಸೆನ್ಸ್ ಇದ್ದರೆ ಅದು ಅವರ ಸರಕಿಗೆ, ನಿಮ್ಮ ಸೋಪಿಗಲ್ಲ. ಪ್ರಚಾರಕ್ಕೆಂದು ಪುಕ್ಕಟೆ ಸ್ಯಾಂಪಲ್ ಹಂಚುವುದಕ್ಕೂ ಇದೇ ನಿಯಮ. ಮನೆಯವರು ಬಳಸಲು ಮಾಡಿಕೊಂಡರೆ ಯಾರ ಅನುಮತಿಯೂ ಬೇಡ.

ಪ್ರಶ್ನೆ: ಲೇಬಲ್ ಮೇಲೆ ‘ಇಸುಬು, ತೊನ್ನು ಗುಣವಾಗುತ್ತದೆ, ಪಿಎಚ್ 5.5, ಕೆಮಿಕಲ್ ಇಲ್ಲ’ ಎಂದು ಹಾಕಬಹುದೇ? ಬೇರೆಯವರು ಹಾಕುತ್ತಿದ್ದಾರೆ. *(ಓದುಗರು, ದಾವಣಗೆರೆ)*

ಉತ್ತರ: ದಯವಿಟ್ಟು ಹಾಕಬೇಡಿ. ರೋಗ ಗುಣಪಡಿಸುತ್ತದೆ ಎಂದ ಕೂಡಲೇ ನಿಮ್ಮ ಸೋಪು ಕಾನೂನಿನ ಕಣ್ಣಲ್ಲಿ ಔಷಧವಾಗುತ್ತದೆ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ತೊನ್ನಿನಂಥ ಕಾಯಿಲೆಗಳಿಗೆ ಮದ್ದು ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆಯೊಂದು ತಡೆಯುತ್ತದೆ. ಕಾನೂನು ಒಂದು ಕಡೆ ಇರಲಿ. ಅದನ್ನು ನಂಬಿ ಮಗುವಿನ ಇಸುಬಿಗೆ ಡಾಕ್ಟರ ಬಳಿ ಹೋಗುವುದನ್ನು ತಾಯಿಯೊಬ್ಬಳು ಮುಂದೂಡಿದರೆ ತೊಂದರೆ ಆಗುವುದು ಆ ಮಗುವಿಗೆ.

ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ. ಎಣ್ಣೆ ಮತ್ತು ಕ್ಷಾರದ ಸೋಪಿನ ಪಿಎಚ್ 9ರಿಂದ 10ರ ಆಸುಪಾಸು. ಮೇಕೆ ಹಾಲು ಹಾಕಿದರೆ ಅದು 5.5ಕ್ಕೆ ಇಳಿಯುವುದಿಲ್ಲ. ಕೆಮಿಕಲ್ ಇಲ್ಲ ಅನ್ನುವುದೂ ಸರಿಯಲ್ಲ, ಕಾಸ್ಟಿಕ್ ಇಲ್ಲದೆ ಎಣ್ಣೆ ಸೋಪಾಗುವುದೇ ಇಲ್ಲ. ಹಾಲಿನ ಸಕ್ಕರೆಯಿಂದ ನೊರೆ ಚೆನ್ನಾಗಿ ಬರುತ್ತದೆ, ಉಳಿದ ಎಣ್ಣೆಯಿಂದ ಚರ್ಮ ಬಿಗಿದಂತಾಗುವುದು ಕಡಿಮೆ. ಇಷ್ಟನ್ನೇ ಹೇಳಿ. ಇದು ನಿಜ, ಮತ್ತು ಇಷ್ಟೇ ಸಾಕು.

ಲೇಬಲ್ ಮೇಲೆ ಇರಲೇಬೇಕಾದವು ಬೇರೆ ಇವೆ: ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರು, ತಯಾರಿಸಿದ ತಿಂಗಳು ವರ್ಷ, ಯಾವಾಗಿನೊಳಗೆ ಬಳಸಬೇಕು, ಪ್ರಮಾಣದಲ್ಲಿ ಹೆಚ್ಚಿನದು ಮೊದಲು ಬರುವಂತೆ ಸಾಮಗ್ರಿ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರು. ಪ್ಯಾಕ್ ಮಾಡುವವರು ತೂಕ ಅಳತೆ ನೋಡುವ ಕಾನೂನು ಮಾಪನ ಇಲಾಖೆಯಲ್ಲೂ ನೋಂದಣಿ ಮಾಡಿಸಬೇಕು. ತೂಕದ ವಿಷಯದಲ್ಲಿ ಹುಷಾರಾಗಿರಿ. ಹಸಿ ಬಿಲ್ಲೆ 100 ಗ್ರಾಂ ತೂಗಿದರೆ ಒಣಗಿದ ಮೇಲೆ ಅಷ್ಟಿರುವುದಿಲ್ಲ. ಪೂರ್ತಿ ಒಣಗಿದ ಮೇಲೆ ತೂಗಿ, ಆಮೇಲೂ ಸ್ವಲ್ಪ ಇಳಿಯುತ್ತದೆಂದು ಲೆಕ್ಕ ಹಿಡಿದು ತೂಕ ಬರೆಯಿರಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ಮಾಡಿದ ಸೋಪಿನ ಮೇಲೆ ಕಿತ್ತಳೆ ಚುಕ್ಕೆ ಬಂದಿದೆ, ಹಳೇ ಎಣ್ಣೆ ವಾಸನೆ ಬೇರೆ. ಹಾಲು ಕೆಟ್ಟಿತೇ? *(ಓದುಗರು, ಶಿರಸಿ)*

ಉತ್ತರ: ಹೆಚ್ಚಾಗಿ ಹಾಲಲ್ಲ, ಎಣ್ಣೆ ಕಮಟಾಗಿದೆ. ಸೂರ್ಯಕಾಂತಿಯಂಥ ಎಣ್ಣೆ ಜಾಸ್ತಿ ಹಾಕಿದಾಗ, ಹಳೆಯ ಎಣ್ಣೆ ಬಳಸಿದಾಗ, ಕಬ್ಬಿಣದ ಜಾಲರಿಯ ಮೇಲೆ ಒಣಗಿಸಿದಾಗ ಹೀಗಾಗುತ್ತದೆ. ನಿಮ್ಮ ಕಡೆಯ ಮಳೆಗಾಲದ ತೇವವೂ ಅದಕ್ಕೆ ಸೇರಿಕೊಳ್ಳುತ್ತದೆ. ಚುಕ್ಕೆ ಚಿಕ್ಕದಿದ್ದರೆ ಕೆರೆದು ತೆಗೆದು ಕೈ ತೊಳೆಯಲು ಬಳಸಿ. ಮುಂದಿನ ಸಲ ಹೊಸ ಎಣ್ಣೆ ತನ್ನಿ, ಮರದ ಹಲಗೆಯ ಮೇಲೆ ಬಟರ್ ಪೇಪರ್ ಹಾಸಿ ಒಣಗಿಸಿ, ಒಂದು ಬಿಲ್ಲೆಗೂ ಇನ್ನೊಂದಕ್ಕೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ.