ವಿಡಿಯೊ ಪಾಠ ಹುಳು ಮನೆಯಲ್ಲಿ ನೆನಪಿಗೆ ಬರಬೇಕಾದರೆ

ಚಿಂತಾಮಣಿಯ ಮಿತ್ರರಿಗೆ ನಮಸ್ಕಾರ. ರೇಷ್ಮೆ ಸಾಕಾಣಿಕೆಯ ಆನ್‌ಲೈನ್ ಕೋರ್ಸಿನ ವಿಡಿಯೊಗಳನ್ನೆಲ್ಲ ಎರಡೆರಡು ಸಲ ನೋಡಿದರೂ ಹುಳು ಮನೆಯೊಳಗೆ ಕಾಲಿಟ್ಟಾಗ ಏನೂ ಹೊಳೆಯುವುದಿಲ್ಲ, ಮೂರನೆಯ ಸಲ ನೋಡಲೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಬೇಡ. ನೋಡುತ್ತಿರುವಾಗ ಎಲ್ಲವೂ ಅರ್ಥವಾಗುವುದರಿಂದ ಕಲಿತೆವೆಂದೇ ಅನಿಸುತ್ತದೆ; ಆದರೆ ಇನ್ನೊಬ್ಬರು ಹೇಳಿದ್ದಕ್ಕೆ ಹೌದೆಂದು ತಲೆಯಾಡಿಸುವುದು ಬೇರೆ, ಎದುರಿಗೆ ಯಾರೂ ಇಲ್ಲದಾಗ ತಾವೇ ನೆನಪಿನಿಂದ ತೆಗೆಯುವುದು ಬೇರೆ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಉಳಿದವರು ಪಾಠವನ್ನು ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಬರೆದವರು ಮುಂದಾದರು. ನಮಗೆ ಬೇಕಾಗಿರುವುದು ಆ ಒಂದು ವಾರದ ನಂತರದ ನೆನಪು.

ಆದ್ದರಿಂದ ಐದಾರು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಫೋನನ್ನು ಮಗುಚಿಟ್ಟು, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಅದಕ್ಕಿಂತಲೂ ಉಪಯುಕ್ತವಾದದ್ದು, ಶಿಕ್ಷಕರು ಉತ್ತರ ಹೇಳುವ ಮೊದಲೇ ನಿಲ್ಲಿಸುವುದು. ಉದಾಹರಣೆಗೆ, ಹುಳು ಜ್ವರಕ್ಕೆ ಕುಳಿತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಏನು ಮಾಡಬೇಕೆಂಬ ಪಾಠ ಆರಂಭವಾದ ಕೂಡಲೇ ನಿಲ್ಲಿಸಿ, ಹಿಪ್ಪುನೇರಳೆ ಸೊಪ್ಪು ಕೊಡಬೇಕೇ, ಸುಣ್ಣದ ಪುಡಿ ಏಕೆ, ಮತ್ತೆ ಸೊಪ್ಪು ಯಾವಾಗ ಎಂದು ತಾವೇ ಉತ್ತರಿಸಿ. ಹುಳುಗಳಿರುವ ಹಾಸಿಗೆ ಒಣಗಿರಲೆಂದು ಸುಣ್ಣ, ಬಹುಪಾಲು ಹುಳುಗಳು ಜ್ವರದಿಂದ ಎದ್ದ ಮೇಲೆಯೇ ಸೊಪ್ಪು, ಮೊದಲು ಎದ್ದವಕ್ಕೆ ಅವಸರದಿಂದ ಹಾಕಿದರೆ ಹುಳುಗಳ ಬೆಳವಣಿಗೆ ಏರುಪೇರಾಗುತ್ತದೆ ಎಂಬ ಕಾರಣದವರೆಗೂ ಹೋಗಿ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಊಹಿಸಿ ಎಡವಿದ ಮೇಲೆ ಕೇಳಿದ ಸರಿಯುತ್ತರ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆಯೇ, ಬರೀ ಹೇಗೆ ಎಂಬುದನ್ನು ಕಲಿತವರು ಹವೆ ಬದಲಾದಾಗ ಗಲಿಬಿಲಿಗೊಳ್ಳುತ್ತಾರೆ, ಏಕೆ ಎಂಬುದನ್ನು ಕಲಿತವರು ದಾರಿ ಹುಡುಕಿಕೊಳ್ಳುತ್ತಾರೆ.

ಲೆಕ್ಕ ಬರುವ ಕಡೆ ತಮ್ಮದೇ ಮನೆಯ ಲೆಕ್ಕ ಮಾಡಿ. ಸೋಂಕು ನಿವಾರಣೆಗೆ ಶೇ. 2ರ ಬ್ಲೀಚಿಂಗ್ ಪುಡಿ, ಶೇ. 0.3ರ ಅರಳಿದ ಸುಣ್ಣ ಎಂದು ಶಿಕ್ಷಕರು ಹೇಳಿದರೆ ಅಷ್ಟನ್ನೇ ಬರೆದುಕೊಳ್ಳಬೇಡಿ. 200 ಲೀಟರ್ ಡ್ರಮ್ಮಿಗೆ ಎಷ್ಟಾಯಿತು ಎಂದು ಅಲ್ಲೇ ಲೆಕ್ಕ ಹಾಕಿ. 4 ಕಿಲೋ ಬ್ಲೀಚಿಂಗ್ ಪುಡಿ, 600 ಗ್ರಾಂ ಸುಣ್ಣ ಎಂದು ತಮ್ಮ ಕೈಯಿಂದಲೇ ಬಂದ ಉತ್ತರ ಬೇಗ ಮರೆಯುವುದಿಲ್ಲ.

ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ ಇರಲಿ. ಮರುದಿನ, ಮೂರು ನಾಲ್ಕು ದಿನ ಬಿಟ್ಟು, ಮತ್ತೆ ಮುಂದಿನ ವಾರ ಬಲಪುಟ ಮುಚ್ಚಿ ಉತ್ತರಿಸಿ. ತಪ್ಪಿದ ಪ್ರಶ್ನೆಗೆ ಮಾತ್ರ ವಿಡಿಯೊದ ಆ ಭಾಗಕ್ಕೆ ಹಿಂದಿರುಗಿ. ಸೊಪ್ಪು ಕೊಯ್ಯುವಾಗ ಜೊತೆಯಲ್ಲಿರುವ ಮನೆಯವರಿಗೆ ಪಾಠವನ್ನು ವಿವರಿಸಿ ನೋಡಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲೇ ಕಲಿಕೆ ಅರ್ಧಕ್ಕೆ ನಿಂತಿದೆ. ವೇಗ ಹೆಚ್ಚಿಸಿ ನೋಡುವುದನ್ನು ಹೊಸ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ವಿಡಿಯೊದ ಕೋಣೆಗೂ ನಮ್ಮ ಬಯಲುಸೀಮೆಯ ಬೇಸಿಗೆಗೂ ವ್ಯತ್ಯಾಸವಿರುವುದರಿಂದ, ಉಷ್ಣಾಂಶ ಮತ್ತು ತೇವಾಂಶದ ವಿಷಯದಲ್ಲಿ ಮಾತ್ರ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಮುಂದಿನ ಬೆಳೆಗೆ ಚಾಕಿ (ಎಳೆಯ ಹುಳು) ತರುವ ಮೊದಲೇ ಸೋಂಕು ನಿವಾರಣೆಯ ಪಾಠವನ್ನು ಈ ರೀತಿ ಮುಗಿಸಿ, ಸಿಗದ ಉತ್ತರಗಳನ್ನು ತಮ್ಮ ಊಹೆಯೊಂದಿಗೆ ಇಲ್ಲಿ ಬರೆಯಿರಿ.