ಅಂಗಡಿ ಕಂಪ್ಯೂಟರಿನ ಪಾಸ್‌ವರ್ಡ್ ತೆಗೆಯಬಹುದಾ?

ಪ್ರಶ್ನೆ: ಸರ್, ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಕಿರಾಣಿ ಹೋಲ್‌ಸೇಲ್ ಅಂಗಡಿ. ಬಿಲ್ ಹಾಕುವ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತದೆ. ನಾನಿಲ್ಲದಾಗ ಅಪ್ಪಾಜಿ ತಪ್ಪು ಒತ್ತಿ, ಗಿರಾಕಿಗಳನ್ನು ನಿಲ್ಲಿಸಿಕೊಂಡು ನನಗೆ ಫೋನ್ ಮಾಡುತ್ತಾರೆ. ಈ ಪಾಸ್‌ವರ್ಡೇ ಬೇಡ, ತೆಗೆಯೋದು ಹೇಗೆ?

ಉತ್ತರ: ತೆಗೆಯಬಹುದು. ಆದರೆ ನಿಮ್ಮದು ಯಾವ ಬಗೆಯ ಅಕೌಂಟ್ ಅಂತ ಮೊದಲು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಯುವರ್ ಇನ್ಫೋ ತೆರೆಯಿರಿ. ಲೋಕಲ್ ಅಕೌಂಟ್ (ಆ ಕಂಪ್ಯೂಟರಿಗಷ್ಟೇ ಸೇರಿದ ಅಕೌಂಟ್) ಅಂತಿದ್ದರೆ ಕೆಲಸ ಸಲೀಸು. ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ, ಪಾಸ್‌ವರ್ಡ್ ಕೆಳಗೆ ಚೇಂಜ್ ಒತ್ತಿ, ಹಳೆಯದನ್ನು ಕೊಟ್ಟು ಹೊಸದರ ಜಾಗವನ್ನು ಸುಮ್ನೆ ಖಾಲಿ ಬಿಟ್ಟು ಮುಂದುವರಿಯಿರಿ. ಪಿನ್ ಇಟ್ಟಿದ್ದರೆ ಅದನ್ನೂ ಅಲ್ಲೇ ತೆಗೆಯಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಹೋದರೂ ಪಿನ್ ಕೇಳುತ್ತಲೇ ಇರುತ್ತದೆ.

ಹೆಸರಿನ ಕೆಳಗೆ ಇಮೇಲ್ ಕಂಡರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಅದರ ಪಾಸ್‌ವರ್ಡನ್ನು ಖಾಲಿ ಬಿಡಲು ಬರುವುದಿಲ್ಲ. ಅದೇ ಯುವರ್ ಇನ್ಫೋ ಪುಟದಲ್ಲಿ ಲೋಕಲ್ ಅಕೌಂಟಿಗೆ ಬದಲಾಯಿಸುವ ಲಿಂಕ್ ಇರುತ್ತದೆ, ಆ ದಾರಿ ಹಿಡಿಯಬೇಕು. ಡಿಸ್ಕಿಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದ್ದರೆ ಅದಕ್ಕೂ ಮೊದಲು ಆ ಬೀಗ ತೆರೆಯುವ ಸಂಖ್ಯೆಯಾದ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮುಂದೊಂದು ದಿನ ಕಂಪ್ಯೂಟರ್ ಆ ಕೀ ಕೇಳಿದಾಗ ನಿಮ್ಮ ಹತ್ತಿರ ಇಲ್ಲದಿದ್ದರೆ ಡಿಸ್ಕಿನಲ್ಲಿರುವ ಲೆಕ್ಕವೆಲ್ಲ ಹೋದ ಹಾಗೆಯೇ.

ಇಷ್ಟು ಹೇಳಿದ ಮೇಲೂ, ನಾನಾಗಿದ್ದರೆ ನಿಮ್ಮ ಅಕೌಂಟಿನ ಪಾಸ್‌ವರ್ಡ್ ತೆಗೆಯುತ್ತಿರಲಿಲ್ಲ. ನಿಮ್ಮ ಬ್ಯಾಂಕು, ಜಿಎಸ್‌ಟಿ, ಇಮೇಲ್ ಎಲ್ಲ ಅದರಲ್ಲೇ ಇರುತ್ತವೆ ಅಲ್ವಾ? ಅಂಗಡಿಗೆ ದಿನಕ್ಕೆ ಎಷ್ಟು ಜನ ಬಂದು ಹೋಗುತ್ತಾರೆ! ಇನ್ನೊಂದು ತೊಡಕೂ ಇದೆ. ಪಾಸ್‌ವರ್ಡ್ ಖಾಲಿ ಇರುವ ಅಕೌಂಟಿಗೆ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ, ಹಾಗಾಗಿ ಗೋಡೌನಿನ ಕಂಪ್ಯೂಟರಿನಿಂದ ಇದರ ಫೋಲ್ಡರ್ ತೆರೆಯುತ್ತಿದ್ದರೆ ಅದು ನಿಂತುಹೋಗಬಹುದು.

ಅಪ್ಪಾಜಿಗೆ ಬೇರೆ ಅಕೌಂಟ್ ಮಾಡಿಕೊಡಿ. ಅಕೌಂಟ್ಸ್‌ನಲ್ಲಿ ಅದರ್ ಯೂಸರ್ಸ್, ಆಡ್ ಅಕೌಂಟ್ ಒತ್ತಿ. ಇಮೇಲ್ ಕೇಳಿದಾಗ, ಇವರ ಸೈನ್-ಇನ್ ವಿವರ ನನ್ನ ಬಳಿ ಇಲ್ಲ ಎನ್ನುವ ಆಯ್ಕೆ ಒತ್ತಿ. ಆಮೇಲೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಆಯ್ಕೆ ಸಿಗುತ್ತದೆ. ಅಪ್ಪಾಜಿ ಹೆಸರಷ್ಟೇ ಹಾಕಿ, ಪಾಸ್‌ವರ್ಡ್ ಖಾಲಿ ಬಿಡಿ. ಅದು ತಾನಾಗಿಯೇ ಸ್ಟ್ಯಾಂಡರ್ಡ್ ಅಕೌಂಟ್ ಆಗುತ್ತದೆ, ಅಡ್ಮಿನ್ ಅಧಿಕಾರ ಇರುವುದಿಲ್ಲ, ಅದೇ ಒಳ್ಳೆಯದು. ಕಂಪ್ಯೂಟರ್ ಶುರುವಾದಾಗ ಪರದೆಯ ಎಡಗಡೆ ಕೆಳಗೆ ಅವರ ಹೆಸರು ಕಾಣುತ್ತದೆ, ಅದನ್ನು ಒತ್ತಿ ಒಳಗೆ ಹೋದರಾಯಿತು. ಬಿಲ್ಲಿನ ಡೇಟಾ ಮಾತ್ರ ನಿಮ್ಮ ಡಾಕ್ಯುಮೆಂಟ್ಸ್ ಒಳಗಿದ್ದರೆ ಅವರಿಗೆ ಸಿಗುವುದಿಲ್ಲ. ಡಿ ಡ್ರೈವ್‌ನಂಥ ಇಬ್ಬರಿಗೂ ಸಿಗುವ ಜಾಗದಲ್ಲಿ ಇಡಿ.

ಜೊತೆಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಬಿಲ್ ಹಾಕುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾ ಫೈಲೇ ಕೆಡಬಹುದು, ಪಾಸ್‌ವರ್ಡಿನ ಕಾಟಕ್ಕಿಂತ ಅದು ಜಾಸ್ತಿ ದುಬಾರಿ.