ನೋಡದ ಚಿತ್ರಗಳ ಮೇಲಿನ ತೀರ್ಪು

ಮೂಕಿಯುಗದ ನಟಿ ಥೀಡಾ ಬಾರಾ ಕುರಿತ ನಮ್ಮ ಲೇಖನವನ್ನು ಓದಿದ ಓದುಗರೊಬ್ಬರು, ‘ಒಂದೇ ಬಗೆಯ ಮೋಹಿನಿಯ ಪಾತ್ರ ಮಾಡಿ ಐದೇ ವರ್ಷದಲ್ಲಿ ಮೂಲೆಗುಂಪಾದ, ನಟನೆಯೇ ಬಾರದ ಹಾಲಿವುಡ್ ನಟಿಗೆ ಎರಡು ಪುಟ ದಂಡ ಮಾಡಬೇಕಿತ್ತೇ?’ ಎಂದು ಕೇಳಿದ್ದಾರೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. 1915ರ ‘ಎ ಫೂಲ್ ದೇರ್ ವಾಸ್’ ಗೆದ್ದ ಮೇಲೆ ಫಾಕ್ಸ್ ಸಂಸ್ಥೆ ಆಕೆಯನ್ನು ಗಂಡಸರ ಮನೆ ಮುರಿಯುವ ಹೆಂಗಸಿನ ಪಾತ್ರಕ್ಕೇ ಮತ್ತೆ ಮತ್ತೆ ಕಟ್ಟಿಹಾಕಿತು; ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪ್ರೇಕ್ಷಕರ ರುಚಿಯೂ ಬದಲಾಗಿತ್ತು.

ಆದರೆ ನಟನೆ ಬಾರದೆಂದು ಬರೆದಿದ್ದೀರಲ್ಲ ಸ್ವಾಮಿ, ಯಾವ ಚಿತ್ರ ನೋಡಿ ಬರೆದಿರಿ? ಆಕೆಯ ನಲವತ್ತರಷ್ಟು ಚಿತ್ರಗಳಲ್ಲಿ ಇಂದು ಇಡಿಯಾಗಿ ನೋಡಸಿಗುವವು ಬೆರಳೆಣಿಕೆಯಷ್ಟು. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್‌ನವರ ಫಿಲ್ಮ್ ಉಗ್ರಾಣಕ್ಕೆ ಬೆಂಕಿ ಬಿದ್ದು ಆಕೆಯ ಬಹುಪಾಲು ಚಿತ್ರಗಳು ಸುಟ್ಟುಹೋದವು. ಆಗಿನ ನೈಟ್ರೇಟ್ ಫಿಲ್ಮು ಹಳತಾದಂತೆ ಕೊಳೆತು ಅನಿಲ ಬಿಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಬೇಸಿಗೆಯ ಕಾವೇರಿದರೆ ಕಿಡಿಯೇ ಬೇಕಿಲ್ಲ, ತಾನಾಗಿ ಹತ್ತಿಕೊಳ್ಳುತ್ತದೆ, ನೀರು ಸುರಿದರೂ ಆರದು. ಸುಟ್ಟುಳಿದದ್ದನ್ನು ಲಾರಿಗಳಲ್ಲಿ ಹೇರಿ ಒಯ್ದರು, ಫಿಲ್ಮಿನ ಲೇಪದಲ್ಲಿ ಬೆಳ್ಳಿಯಿರುವುದರಿಂದ ಡಬ್ಬಿಯೊಂದರಿಂದ ಕೆಲವೇ ಸೆಂಟುಗಳ ಬೆಳ್ಳಿ ಹುಟ್ಟುತ್ತಿತ್ತೆಂಬ ಆಸೆಗೆ! 1917ರ ‘ಕ್ಲಿಯೋಪಾತ್ರ’ದ ತುಣುಕುಗಳಷ್ಟೇ ಉಳಿದಿವೆ. ‘ಒಂದೇ ಬಗೆ’ ಎಂದಿರಿ. 1916ರಲ್ಲಿ ಆಕೆ ಜೂಲಿಯೆಟ್ ಆಗಿದ್ದರು, 1919ರಲ್ಲಿ ಐರ್ಲೆಂಡಿನ ಹಳ್ಳಿಯ ಹುಡುಗಿ. ಎರಡೂ ಇಂದು ಇಲ್ಲ.

ಉಳಿದದ್ದು ಪ್ರಚಾರದ ಫೋಟೋಗಳು. ಥೀಡಾ ಬಾರಾ ಅವರ ನಿಜ ಹೆಸರು ಥಿಯೊಡೊಸಿಯಾ ಗುಡ್‌ಮನ್; ಅಮೆರಿಕದ ಸಿನ್ಸಿನಾಟಿಯ ದರ್ಜಿಯೊಬ್ಬರ ಮಗಳಾದ ಆಕೆಯನ್ನು ಈಜಿಪ್ಟಿನಲ್ಲಿ ಹುಟ್ಟಿದವರೆಂದು ಸಾರಿ, ಕಣ್ಣಿಗೆ ಕಪ್ಪು ಮೆತ್ತಿ, ಅಸ್ಥಿಪಂಜರದ ಜೊತೆ ಕೂರಿಸಿ ತೆಗೆಸಿದ ಫೋಟೋಗಳವು. ಪ್ರಚಾರ ವಿಭಾಗದ ಸರಕನ್ನು ತೂಗಿ ಅದು ನಟಿಯ ತೂಕವೆನ್ನುವುದು ಯಾವ ವಿಮರ್ಶೆ?

ಬೆಂಕಿಯೊಂದನ್ನೇ ದೂರುವಂತೆಯೂ ಇಲ್ಲ. ಟಾಕಿ ಬಂದ ಮೇಲೆ ಮೂಕಿಗಳು ಸ್ಟುಡಿಯೋಗಳಿಗೆ ಬರೀ ಜಾಗ ತಿನ್ನುವ ಹೊರೆಯಾದವು. 1948ರಲ್ಲಿ ಯೂನಿವರ್ಸಲ್ ತನ್ನ ಬಳಿ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶಮಾಡಿತು. ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರವೆಂದು ಲೈಬ್ರರಿ ಆಫ್ ಕಾಂಗ್ರೆಸ್‌ನ 2013ರ ವರದಿ ಹೇಳುತ್ತದೆ. ಇಷ್ಟನ್ನಿಟ್ಟುಕೊಂಡು ಮೂಕಿಯುಗದ ಶ್ರೇಷ್ಠರ ಪಟ್ಟಿ ಹಾಕುವ ಪಂಡಿತರ ಧೈರ್ಯವನ್ನು ಮೆಚ್ಚಬೇಕು. ತಾವು ಅವರನ್ನು ನಂಬಿ ಕೆಟ್ಟಿರಿ, ಅಷ್ಟೆ.

ಪುಣ್ಯಕ್ಕೆ 1916ರ ‘ಈಸ್ಟ್ ಲಿನ್’ ಉಳಿದಿದೆ. ಗಂಡನನ್ನು ತೊರೆದು ಹೋಗಿ, ಕೊನೆಗೆ ಗುರುತು ಮರೆಸಿಕೊಂಡು ತನ್ನ ಮಕ್ಕಳನ್ನೇ ನೋಡಿಕೊಳ್ಳುವ ಕೆಲಸಕ್ಕೆ ಅದೇ ಮನೆಗೆ ಬರುವ ತಾಯಿಯ ಪಾತ್ರ ಅದರಲ್ಲಿ ಆಕೆಯದು. ಬಿಡುವು ಮಾಡಿಕೊಂಡು ನೋಡಿ. ಆಮೇಲೂ ಬೈಯಬೇಕೆನಿಸಿದರೆ ಬರೆಯಿರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.

— ಸಂ.